ಬಾನೆಟ್ ಎತ್ತದೆ ಕಟ್ಟಿದ ಬೆಲೆ

ಮದುವೆ ಮುರಿದಾಗ ನನ್ನ ಒಡವೆಗೆ ಬದಲಾಗಿ ನನಗೊಂದು ಹಳೇ ಅಂಬಾಸಿಡರ್ ಕಾರು ಕೊಟ್ಟರು. ಕೊಟ್ಟರು ಅನ್ನುವುದಕ್ಕಿಂತ ತಲೆಗೆ ಕಟ್ಟಿದರು ಅನ್ನುವುದೇ ಸರಿ. ಅದರ ಬೆಲೆ ಎಷ್ಟು ಎಂಬುದನ್ನು ಹಳೇಬೀಡಿನ ಒಂದು ಜಗಲಿಯ ಮೇಲೆ ಕೂತು ಐದಾರು ಗಂಡಸರು ತೀರ್ಮಾನ ಮಾಡಿದರು. ಕಾರು ಅಲ್ಲೇ ಹೊಂಗೆ ಮರದ ಕೆಳಗೆ ನಿಂತಿತ್ತು. ಒಬ್ಬರೂ ಎದ್ದು ಹೋಗಿ ಬಾನೆಟ್ ಎತ್ತಿ ನೋಡಲಿಲ್ಲ.

ಈಗ ಅರಸೀಕೆರೆಯಲ್ಲಿ ನನ್ನದೊಂದು ಟ್ರಾವೆಲ್ಸ್ ಇದೆ. ಒಂಟಿ ಹೆಂಗಸು ಇಷ್ಟು ಮಾಡಿದಳಲ್ಲ ಎಂದು ಹೊಗಳುವವರಿದ್ದಾರೆ. ಮಹಿಳಾ ದಿನಾಚರಣೆಗೆ ಕರೆದು ಶಾಲು ಹೊದಿಸಿದವರೂ ಇದ್ದಾರೆ. ಧೈರ್ಯ, ಸ್ವಾವಲಂಬನೆ ಎಂದೆಲ್ಲ ಭಾಷಣದಲ್ಲಿ ಹೇಳುತ್ತಾರೆ. ನಾನು ಸುಮ್ಮನೆ ತಲೆಯಾಡಿಸುತ್ತೇನೆ. ನಿಜ ಏನೆಂದರೆ ನಾನು ಈ ವ್ಯಾಪಾರ ಶುರು ಮಾಡಿದ್ದು ಒಬ್ಬ ಮನುಷ್ಯನ ಸಂಪಾದನೆ ಕಿತ್ತುಕೊಳ್ಳುವುದಕ್ಕೆ. ಆಗ ನನಗೆ ಬೇರೆ ಉದ್ದೇಶವೇ ಇರಲಿಲ್ಲ.

ನನ್ನ ಅಪ್ಪ ಅರಸೀಕೆರೆಯ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಜೋರಾಗಿ ಮಾತಾಡಿದ್ದನ್ನು ನಾನು ಕಂಡವಳಲ್ಲ. ಪಿಯುಸಿ ಮುಗಿಸಿ ಟೈಪಿಂಗ್ ಕಲಿತ ನನ್ನನ್ನು ಹಳೇಬೀಡಿನ ಒಂದು ಮನೆಗೆ ಕೊಟ್ಟರು. ಕೆರೆಯ ಕೆಳಗೆ ಗದ್ದೆ, ಒಂದಿಷ್ಟು ತೆಂಗು, ಅಣ್ಣ ತಮ್ಮ ಇಬ್ಬರೇ. ಅಣ್ಣ ಜಮೀನು ನೋಡಿಕೊಳ್ಳುತ್ತಿದ್ದ. ತಮ್ಮನಿಗೆ, ಅಂದರೆ ನನ್ನ ಗಂಡನಿಗೆ, ಕೆಸರು ಆಗುತ್ತಿರಲಿಲ್ಲ, ಗಾಡಿಯ ಹುಚ್ಚು. ಮದುವೆಯ ಮರುವರ್ಷವೇ ನನ್ನ ಒಡವೆಯನ್ನೆಲ್ಲ ಮಾರಿ ಅಂಬಾಸಿಡರ್ ತಂದು, ದೇವಸ್ಥಾನ ನೋಡಲು ಬರುವವರಿಗೆ ಬಾಡಿಗೆ ಓಡಿಸಲು ಶುರು ಮಾಡಿದ. ಎರಡು ವರ್ಷದಲ್ಲಿ ಒಡವೆ ಮಾಡಿಸಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದ. ಎರಡು ವರ್ಷಕ್ಕೆ ಒಂದು ವ್ಯಾನ್ ಬಂತು, ಒಡವೆ ಬರಲಿಲ್ಲ.

ಅವನನ್ನು ‘ಅವರು’ ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಓದುವವರು ಕ್ಷಮಿಸಬೇಕು.

ಗಾಡಿ ಓಡಿಸುತ್ತಿದ್ದದ್ದು ಅವನು. ಮಿಕ್ಕಿದ್ದೆಲ್ಲ ನನ್ನದೇ. ಅರಸೀಕೆರೆ ಸ್ಟೇಷನ್ ಎದುರಿನ ಲಾಡ್ಜಿನವರು ಫೋನ್ ಮಾಡಿ, ಇಂಥ ರೈಲಿಗೆ ಇಷ್ಟು ಜನ ಇಳಿಯುತ್ತಾರೆ ಎಂದು ಹೇಳುತ್ತಿದ್ದರು. ನಾನು ದರ ಮಾತಾಡಿ, ಬೇಲೂರಿನಲ್ಲಿ ಊಟ ಎಲ್ಲಿ, ಹಳೇಬೀಡಿನಲ್ಲಿ ಎಷ್ಟು ಹೊತ್ತು ಎಂದು ಗೊತ್ತುಮಾಡುತ್ತಿದ್ದೆ. ಹರಕುಮುರುಕು ಇಂಗ್ಲಿಷು, ಅದಕ್ಕಿಂತ ಹರಕು ಹಿಂದಿ. ಒಂದು ಟ್ರಿಪ್ಪಿಗೆ ಎಷ್ಟು ಡೀಸೆಲ್ ಕುಡಿಯುತ್ತದೆ, ಯಾವ ಗಿರಾಕಿ ಚೌಕಾಸಿ ಮಾಡುತ್ತಾನೆ, ಯಾವ ತಿಂಗಳು ಗಾಡಿ ನಿಂತೇ ಇರುತ್ತದೆ, ಇದೆಲ್ಲ ಅವನಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ಊಟದ ಕ್ಯಾರಿಯರ್ ಹಿಡಿದು ದೇವಸ್ಥಾನದ ಎದುರು ಗಾಡಿ ನಿಲ್ಲಿಸುವ ಜಾಗಕ್ಕೆ ಹೋದೆ. ತಂಗಿಯ ಮದುವೆ ಗೊತ್ತಾಗಿತ್ತು. ಕೊರಳಲ್ಲಿ ಕರಿಮಣಿ ಬಿಟ್ಟರೆ ಏನೂ ಇಲ್ಲದೆ ತವರಿಗೆ ಹೋಗುವುದು ಹೇಗೆ, ಒಂದು ಸರವನ್ನಾದರೂ ಮಾಡಿಸಿಕೊಡಿ ಎಂದು ಕೇಳಿದೆ. ಅದೇ ಮಾತನ್ನು ಹಿಂದಿನ ದಿನ ಮನೆಯಲ್ಲೂ ಕೇಳಿದ್ದೆ. ಅವನು ಕೈಯೆತ್ತಿ ಕೆನ್ನೆಗೆ ಹೊಡೆದ. ಪಕ್ಕದಲ್ಲಿ ಅವನದೇ ಪ್ರವಾಸಿಗಳು ನಿಂತಿದ್ದರು. ಅವರಲ್ಲೊಬ್ಬಳು ಹೆಂಗಸು ಕ್ಯಾಮೆರಾ ಕೆಳಗಿಳಿಸಿ ಬೇರೆ ಕಡೆ ಮುಖ ತಿರುಗಿಸಿದಳು. ಅವನು ತಕ್ಷಣ ಕಾರಿನ ಬಾಗಿಲು ತೆಗೆದು, ಏನೂ ಆಗದವನಂತೆ ನಗುತ್ತ, “ಕಮ್ ಮೇಡಂ, ನೆಕ್ಸ್ಟ್ ಬೇಲೂರ್” ಎಂದ.

ಏಟು ಅಷ್ಟೇನೂ ಜೋರಾಗಿರಲಿಲ್ಲ. ನನ್ನನ್ನು ಸುಟ್ಟಿದ್ದು ಆ ನಗು. ಕ್ಯಾರಿಯರ್ ಹಿಡಿದುಕೊಂಡೇ ಬಸ್‌ಸ್ಟ್ಯಾಂಡಿಗೆ ನಡೆದು, ಸಿಕ್ಕಿದ ಬಸ್ಸಿನಲ್ಲಿ ಜಾವಗಲ್ಲಿಗೆ, ಅಲ್ಲಿಂದ ಅರಸೀಕೆರೆಗೆ ಬಂದುಬಿಟ್ಟೆ. ಮತ್ತೆ ಆ ಮನೆಯ ಹೊಸಿಲು ತುಳಿಯಲಿಲ್ಲ.

ಆರು ತಿಂಗಳ ನಂತರ ಪಂಚಾಯ್ತಿ ಸೇರಿತು. ಕೋರ್ಟು ಕಚೇರಿ ಬೇಡ, ಹಿರಿಯರೆದುರು ಬಗೆಹರಿಸಿಕೊಳ್ಳೋಣ ಎಂದು ಅವರ ಕಡೆಯವರೇ ಹೇಳಿ ಕಳಿಸಿದ್ದರು. ಮಾತೆಲ್ಲ ಆಡಿದವನು ನನ್ನ ಭಾವ, ಅಂದರೆ ಅವನ ಅಣ್ಣ. ಒಡವೆ ಕೊಡಬೇಕಾದ್ದು ನಿಜ, ಕೈಯಲ್ಲಿ ದುಡ್ಡಿಲ್ಲ, ಅದರ ಬದಲು ಅಂಬಾಸಿಡರ್ ತೆಗೆದುಕೊಂಡು ಹೋಗಲಿ ಎಂದ. ಹಾಸನದಿಂದ ಒಬ್ಬ ಬ್ರೋಕರನ್ನು ಕರೆಸಿ ಕೂರಿಸಿದ್ದರು. ಆ ಮನುಷ್ಯ ಕಾಫಿ ಲೋಟ ಕೆಳಗಿಡದೆಯೇ, ಒಂದು ಲಕ್ಷದ ಹತ್ತು ಸಾವಿರಕ್ಕೆ ಕಣ್ಣುಮುಚ್ಚಿ ಹೋಗುತ್ತದೆ ಎಂದು ಹೇಳಿಬಿಟ್ಟ. ನನ್ನ ಒಡವೆಗೆ ಕಟ್ಟಿದ್ದು ಅದನ್ನು ಮಾರಿದ ದಿನದ ಬೆಲೆ. ಚಿನ್ನ ಅಷ್ಟರಲ್ಲಿ ಎಷ್ಟೋ ಏರಿತ್ತು. ಎರಡನ್ನೂ ತೂಗಿ ನೋಡಿದರೆ ಕಾರಿನ ಬೆಲೆಯೇ ಒಂದು ಕೈ ಹೆಚ್ಚು ಎಂದಾಯಿತು. ಆ ಹೆಚ್ಚಿನದನ್ನು ಬಿಟ್ಟುಕೊಡುತ್ತೇವೆ ಎಂದು ಭಾವ ದೊಡ್ಡ ಮನಸ್ಸು ತೋರಿಸಿದ.

ಅಪ್ಪ ಮೆಲ್ಲಗೆ, ಗಾಡಿ ಒಂದ್ಸಲ ನೋಡಬಹುದೇ ಎಂದು ಕೇಳಿದರು.

“ಏನ್ ನೋಡ್ತೀರ ಬೀಗ್ರೇ, ಕುದುರೆ ಇದ್ದಂಗೈತೆ ಗಾಡಿ” ಎಂದ ಭಾವ. “ನಿಮ್ ಮಗ್ಳೇ ಮೂರ್ ವರ್ಷ ಅದ್ರಲ್ಲಿ ಮೆರ್ದಿಲ್ವಾ?”

ಜಗಲಿಯಲ್ಲಿ ಯಾರೋ ನಕ್ಕರು. ಅಪ್ಪ ಕೂತುಬಿಟ್ಟರು. ನಾನು ಬಾಗಿಲ ಪಕ್ಕ ನಿಂತಿದ್ದೆ. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಮುಂದಿನ ವಾರ ಅಪ್ಪ ಮಂಡಿಯ ಲಾರಿ ಡ್ರೈವರೊಬ್ಬರನ್ನು ಕರೆದುಕೊಂಡು ಗಾಡಿ ತರಲು ಹೋದರು. ನಾನೂ ಹೋದೆ. ಆ ಒಂದು ವಾರದೊಳಗೆ ಕಾರಿನ ಹೊಸ ನಾಲ್ಕು ಟೈರು ಬಿಚ್ಚಿ ಬೇಲೂರಿನಲ್ಲಿ ಮಾರಿಕೊಂಡು, ಎಲ್ಲಿಂದಲೋ ತಂದ ಬೋಳು ಟೈರುಗಳನ್ನು ಹಾಕಿದ್ದರು. ಬ್ಯಾಟರಿ ಬೇರೆ. ಸ್ಟೆಪ್ನಿ ಇಲ್ಲ, ಜಾಕೂ ಇಲ್ಲ. ಹಿಂದಿನ ಸೀಟಿಗೆ ನಾನೇ ಹೊಲಿದು ಹಾಕಿದ್ದ ಹೂವಿನ ಕವರು ಕೂಡ ಇರಲಿಲ್ಲ. ಅವನು ವ್ಯಾನಿಗೆ ಒರಗಿಕೊಂಡು ಹಲ್ಲಿನಲ್ಲಿ ಕಡ್ಡಿ ಆಡಿಸುತ್ತ ನೋಡುತ್ತಿದ್ದ.

ಜಾವಗಲ್ ದಾಟಿ ಸ್ವಲ್ಪ ದೂರಕ್ಕೆ ಕಾರು ಕಪ್ಪು ಹೊಗೆ ಉಗುಳಿ ನಿಂತಿತು. ಒಂದು ಟ್ರಾಕ್ಟರಿಗೆ ಹಗ್ಗ ಕಟ್ಟಿಸಿ ಎಳೆಸಿಕೊಂಡು ಊರಿಗೆ ಬಂದೆವು. ದಾರಿಯಲ್ಲಿ ಸಿಕ್ಕವರೆಲ್ಲ ಅಪ್ಪನನ್ನು ಏನು ಸ್ವಾಮಿ ಎಂದು ಕೇಳುತ್ತಿದ್ದರು. ಅಪ್ಪ ಮುಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅವರ ಕತ್ತಿನ ಹಿಂಭಾಗವನ್ನು ನೋಡುತ್ತ ನನಗೆ ಅವರ ಮೇಲೆ ಕನಿಕರ ಬರಲಿಲ್ಲ, ಕೋಪ ಬಂತು. ಎದ್ದು ಹೋಗಿ ನೋಡಿದ್ದರೆ ಏನಾಗುತ್ತಿತ್ತು? ಆದರೆ ಆ ಕೋಪವನ್ನು ಅವರ ಮೇಲೆ ಖರ್ಚು ಮಾಡಬಾರದು, ಹಳೇಬೀಡಿಗೆ ಎತ್ತಿಟ್ಟುಕೊಳ್ಳಬೇಕು ಎಂದು ಅಲ್ಲೇ ನಿಶ್ಚಯ ಮಾಡಿದೆ.

ಮೊದಲು ಮಾರಲು ನೋಡಿದೆವು. ಅರಸೀಕೆರೆಯ ಒಬ್ಬ ಬ್ರೋಕರ್ ಬಂದು ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿಸಿ, ಹೊಗೆ ನೋಡಿ, ಬಾನೆಟ್ ಇಳಿಸಿದ. ಮೂವತ್ತು ಸಾವಿರ ಎಂದ. ತಿಪಟೂರಿನಿಂದ ಬಂದವನು ಮಡ್ಗಾರ್ಡಿಗೆ ಬೆರಳಿನ ಗೆಣ್ಣಿನಿಂದ ಬಡಿದು, ಒಳಗೆಲ್ಲ ತುಕ್ಕು, ಮೇಲೆ ಪುಟ್ಟಿ ಮೆತ್ತಿದ್ದಾರೆ ಎಂದು ಇಪ್ಪತ್ತೆಂಟಕ್ಕೆ ಇಳಿಸಿದ. ಕೊನೆಗೆ ಇಬ್ಬರೂ ಕೇಳಿದ ಪ್ರಶ್ನೆ ಒಂದೇ: ಆರ್‌ಸಿ ಯಾರ ಹೆಸರಲ್ಲಿದೆ?

ಆರ್‌ಸಿ ಅವನ ಹೆಸರಿನಲ್ಲೇ ಇತ್ತು. ವರ್ಗಾವಣೆಯ ಕಾಗದಕ್ಕೆ ಅವನು ಸಹಿ ಹಾಕಿರಲಿಲ್ಲ. ಕೇಳಿ ಕಳಿಸಿದರೆ, ಮೊದಲು ಅವಳು ವಿಚ್ಛೇದನದ ಅರ್ಜಿಗೆ ಸಹಿ ಹಾಕಲಿ, ಆಮೇಲೆ ನೋಡೋಣ ಎಂದು ಉತ್ತರ ಬಂತು. ಅಪ್ಪ, ಹಾಕಿಬಿಡು ಮಗಳೇ, ಕಾಟ ತಪ್ಪುತ್ತೆ ಎಂದರು. ನಾನು ಅಷ್ಟು ಹೊತ್ತಿಗೆ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿದ್ದೆ. ಸಹಿ ಅಂದರೆ ಏನು, ಅದನ್ನು ಯಾವಾಗ ಹಾಕಬೇಕು, ಯಾವಾಗ ಹಾಕಬಾರದು ಎಂಬುದು ದಿನವೂ ಕಣ್ಣಿಗೆ ಬೀಳುತ್ತಿತ್ತು. ಅವನಿಗೆ ನನ್ನ ಸಹಿ ಬೇಕು, ನನಗೆ ಅವನ ಸಹಿ ಬೇಕು. ಯಾರಿಗೆ ಆತುರವಿಲ್ಲವೋ ಅವರು ಗೆಲ್ಲುತ್ತಾರೆ. ನನಗೆ ಆತುರವಿರಲಿಲ್ಲ. ಹಾಕುವುದಿಲ್ಲ ಎಂದೆ.

ಸಂಬಳ ಬಂದ ಹಾಗೆ ಹಾಗೆ ಕಾರನ್ನು ರಿಪೇರಿ ಮಾಡಿಸಿದೆ. ಎಂಜಿನ್ ಬಿಚ್ಚಿದಾಗ ತೆಗೆದ ಪಿಸ್ಟನ್ನು, ಸವೆದ ರಿಂಗು, ಬೇರಿಂಗು ಎಲ್ಲವನ್ನೂ ಒಂದು ಗೋಣಿಚೀಲಕ್ಕೆ ಹಾಕಿಸಿ ಮನೆಗೆ ತಂದಿಟ್ಟೆ. ಬೋಳು ಟೈರುಗಳನ್ನೂ ಹಿತ್ತಲಿನಲ್ಲಿ ಪೇರಿಸಿದೆ. ಇವೆಲ್ಲ ಯಾಕೆ ಎಂದು ಅಮ್ಮ ಕೇಳಿದರು. ಇರಲಿ ಎಂದೆ.

ಗಾಡಿ ಓಡುವ ಹಾಗಾದ ಮೇಲೆ ಸರ್ಕಾರಿ ಬಸ್ಸಿನಿಂದ ರಿಟೈರಾದ ಡ್ರೈವರೊಬ್ಬರನ್ನು ಗೊತ್ತುಮಾಡಿಕೊಂಡೆ. ನಿಧಾನದ ಮನುಷ್ಯ, ಹಾರ್ನ್ ಹೊಡೆಯಲೂ ಯೋಚಿಸುವವರು. ಆಮೇಲೆ ಸ್ಟೇಷನ್ ಎದುರಿನ ಲಾಡ್ಜಿಗೆ ಹೋದೆ. ಮ್ಯಾನೇಜರಿಗೆ ನನ್ನ ಮುಖ ಗೊತ್ತಿರಲಿಲ್ಲ. ಬೇಲೂರು, ಹಳೇಬೀಡಿಗೆ ಗಾಡಿ ಬೇಕಿದ್ದರೆ ಇನ್ನು ಮೇಲೆ ಇಲ್ಲೇ ಸಿಗುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಅವರು ಪೆನ್ನು ಕೆಳಗಿಟ್ಟು, “ಹಳೇಬೀಡಿನ ಗಾಡಿ ಅಂದ್ರೆ ಫೋನಲ್ಲಿ ಮಾತಾಡ್ತಿದ್ದೋರು ನೀವೇ ಅಲ್ವೇನಮ್ಮ? ಈಗೀಗ ಯಾರೋ ಎತ್ಕೋತಾರೆ, ಸರ್ಯಾಗಿ ಮಾತೇ ಆಡಲ್ಲ” ಎಂದರು. ಅವರಿಗೆ ಬೇಕಾಗಿದ್ದದ್ದು ಅವನ ಗಾಡಿಯಲ್ಲ, ನನ್ನ ಮಾತು. ಅದು ನನಗೆ ಆವತ್ತೇ ಗೊತ್ತಾಗಿದ್ದು.

ರೈಲಿನಲ್ಲಿ ಬಂದವರು ಮೊದಲು ಇಳಿಯುವುದು ಅರಸೀಕೆರೆಯಲ್ಲಿ. ಹಳೇಬೀಡಿಗೆ ಹೋಗಬೇಕಾದರೆ ನನ್ನ ಊರನ್ನು ದಾಟಿಯೇ ಹೋಗಬೇಕು. ಅವನು ಅಲ್ಲಿ ಕಾದು ಕೂತಿದ್ದ ಪ್ರವಾಸಿಗಳನ್ನು ನಾನು ಇಲ್ಲೇ ಹತ್ತಿಸಿಕೊಂಡೆ. ಅವನ ದರ ನನಗೆ ಬಾಯಿಪಾಠವಾಗಿತ್ತು. ನನ್ನದು ಯಾವಾಗಲೂ ಅದಕ್ಕಿಂತ ಒಂದಿಷ್ಟು ಕಡಿಮೆ. ಅವನು ಇಳಿಸಿದರೆ ನಾನೂ ಇಳಿಸುತ್ತಿದ್ದೆ. ಆ ಚಳಿಗಾಲ ಪೂರ್ತಿ ನನಗೆ ಡೀಸೆಲಿನ ದುಡ್ಡು ಹುಟ್ಟಿದ್ದೇ ಕಷ್ಟ. ನನ್ನ ಟೈಪಿಂಗ್ ಸಂಬಳದಿಂದ ಡ್ರೈವರಿಗೆ ಕೊಡುತ್ತಿದ್ದೆ. ಆದರೂ ದರ ಏರಿಸಲಿಲ್ಲ.

ಹಳೇಬೀಡಿನಲ್ಲಿ ಗಾಡಿಯನ್ನು ಎಲ್ಲಿ ನಿಲ್ಲಿಸಬೇಕು ಎಂದು ಡ್ರೈವರಿಗೆ ಹೇಳಿಕೊಟ್ಟಿದ್ದೆ. ಅವನ ವ್ಯಾನಿನ ಪಕ್ಕದಲ್ಲೇ, ಅದೇ ನೆರಳಿನಲ್ಲಿ. ಪ್ರವಾಸಿಗಳು ಗುಡಿ ನೋಡಿ ಬರುವ ತನಕ ನಿಧಾನವಾಗಿ ಗಾಜು ಒರೆಸುತ್ತಿರಬೇಕು. ಸಂಜೆ ಅವರು ವಾಪಸು ಬಂದಾಗ ಕಾಫಿ ಕೊಟ್ಟು ಕೇಳುತ್ತಿದ್ದೆ: ವ್ಯಾನ್ ಇತ್ತಾ? ನಿಂತೇ ಇತ್ತಾ? ಅವನು ನೋಡಿದನಾ? ಆ ವಯಸ್ಸಾದ ಮನುಷ್ಯರಿಗೆ ಇದು ಮುಜುಗರ. ನೋಡಿದ್ರಮ್ಮ, ಆ ಕಡೆ ತಿರುಗಿಕೊಂಡ್ರು ಎಂದು ಲೋಟ ನೋಡುತ್ತ ಹೇಳುತ್ತಿದ್ದರು. ಆ ಒಂದು ಮಾತಿಗೆ ನನ್ನ ಇಡೀ ದಿನದ ದಣಿವು ಇಳಿಯುತ್ತಿತ್ತು.

ಆಗ ಅಣ್ಣ ತಮ್ಮ ಇಬ್ಬರೂ ಸೇರಿ ಒಂದು ಉಪಾಯ ಮಾಡಿದರು. ಅಂಬಾಸಿಡರ್ ಸ್ವಂತ ಬಳಕೆಯ ಕಾರು ಎಂದು ನೋಂದಣಿಯಾಗಿತ್ತು, ಟ್ಯಾಕ್ಸಿ ಪರ್ಮಿಟ್ ಇರಲಿಲ್ಲ. ಅವನೂ ವರ್ಷಗಟ್ಟಲೆ ಹಾಗೇ ಓಡಿಸಿದ್ದು, ಆ ಕಡೆ ಆಗ ಎಲ್ಲರೂ ಮಾಡುತ್ತಿದ್ದದ್ದೇ. ಇಂಥ ನಂಬರಿನ ಕಾರು ಪರ್ಮಿಟ್ ಇಲ್ಲದೆ ಬಾಡಿಗೆ ಓಡುತ್ತಿದೆ ಎಂದು ಭಾವ ಹಾಸನದ ಸಾರಿಗೆ ಕಚೇರಿಗೆ ಒಂದು ಅರ್ಜಿ ಬರೆದು ಹಾಕಿದ. ಒಂದು ದಿನ ಬಾಣಾವರದ ಹತ್ತಿರ ಇನ್ಸ್‌ಪೆಕ್ಟರ್ ಗಾಡಿ ನಿಲ್ಲಿಸಿದರು, ಕಾಗದ ನೋಡಿದರು, ಕೇಸು ಬರೆದರು. ಕೇಸು ಬರೆಯುವುದು ಮಾಲೀಕನ ಮೇಲೆ. ಕಾಗದದಲ್ಲಿ ಮಾಲೀಕ ಅಂತ ಇದ್ದವನು ಅವನೇ.

ನೋಟೀಸು ನೇರವಾಗಿ ಹಳೇಬೀಡಿಗೆ ಹೋಯಿತು. ತಾವೇ ಹಾಕಿದ ಅರ್ಜಿಗೆ ತಾವೇ ಹಾಸನಕ್ಕೆ ಹೋಗಿ ಕೈಕಟ್ಟಿ ನಿಂತು ದಂಡ ಕಟ್ಟಿ ಬಂದರು. ಈ ಸುದ್ದಿ ತಂದವರು ನಮ್ಮ ಡ್ರೈವರೇ. ಅಷ್ಟು ಗಂಭೀರದ ಮನುಷ್ಯರು ಹೇಳುತ್ತ ಹೇಳುತ್ತ ನಕ್ಕುಬಿಟ್ಟರು. ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕೆ, ಕಣ್ಣಲ್ಲಿ ನೀರು ಬರುವ ತನಕ. ಇನ್ನೊಮ್ಮೆ ಸಿಕ್ಕಿದರೆ ಗಾಡಿಯೇ ಜಪ್ತಿ ಎಂದು ಮಾರನೆಯ ದಿನದಿಂದ ಅದಕ್ಕೆ ಟಾರ್ಪಾಲು ಹೊದಿಸಿ ನಿಲ್ಲಿಸಿದೆ. ಕಾಗದ ಅವನ ಹೆಸರಿನಲ್ಲಿರುವ ತನಕ ಕಾಟ ಅವರಿಗೇ, ಇನ್ನು ಅವರೇ ಬರುತ್ತಾರೆ ಎಂದು ನನಗೆ ಗೊತ್ತಿತ್ತು.

ಬಂದರು. ಬರಲು ಇನ್ನೊಂದು ಕಾರಣವೂ ಇತ್ತು. ಅವನಿಗೆ ಅರೇಹಳ್ಳಿ ಕಡೆ ಒಂದು ಹೆಣ್ಣು ಗೊತ್ತಾಗಿತ್ತು. ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರ ಮಗಳು. ಹುಡುಗಿಯ ತಂದೆ ಓದಿಕೊಂಡವರು. ಮೊದಲಿನ ಮದುವೆ ಕೋರ್ಟಿನಲ್ಲಿ ಮುಗಿದ ಕಾಗದ ತೋರಿಸದೆ ಲಗ್ನಪತ್ರಿಕೆ ಮಾಡುವುದಿಲ್ಲ ಎಂದು ಪಟ್ಟು ಹಿಡಿದಿದ್ದರು. ಹೀಗಾಗಿ ಅಣ್ಣ ತಮ್ಮ ಇಬ್ಬರೂ ಬಾಳೆಹಣ್ಣಿನ ಚಿಪ್ಪು ಹಿಡಿದು ನಮ್ಮ ಮನೆಗೆ ಬಂದು ಚಾಪೆಯ ಮೇಲೆ ಕೂತರು.

ನಾನು ನನ್ನ ಮಾತನ್ನು ಹೇಳಿದೆ. ಗಾಡಿಗೆ ಮತ್ತೆ ಬೆಲೆ ಕಟ್ಟಬೇಕು. ನಮ್ಮ ಮನೆ ಎದುರು, ಬಾನೆಟ್ ಎತ್ತಿ, ನಾನು ಕರೆಸಿದವರು ಕಟ್ಟಬೇಕು. ಪಂಚಾಯ್ತಿಯಲ್ಲಿ ಹೇಳಿದ ಬೆಲೆಗೂ ಅದಕ್ಕೂ ಇರುವ ವ್ಯತ್ಯಾಸವನ್ನು ನನಗೆ ಕೊಡಬೇಕು. ಕೊಟ್ಟ ದಿನ ಇಬ್ಬರೂ ಸಹಿ ಹಾಕೋಣ.

“ಪಂಚಾಯ್ತೀಲಿ ಮುಗ್ದೋಗಿರೋ ಮಾತು ಕಣಮ್ಮ ಅದು” ಎಂದ ಭಾವ.

“ಮುಗ್ದಿದ್ರೆ ನೀವ್ಯಾಕೆ ಬಂದ್ರಿ?” ಎಂದೆ.

ಅವರು ಬಾಳೆಹಣ್ಣು ಬಿಟ್ಟು ಎದ್ದು ಹೋದರು. ತಿಂಗಳೊಳಗೆ ಒಪ್ಪಿಗೆ ಎಂದು ಹೇಳಿ ಕಳಿಸಿದರು.

ಅಪಘಾತವಾದ ಗಾಡಿಗಳನ್ನು ನೋಡಿ ವಿಮೆಗೆ ವರದಿ ಬರೆಯುವ ಸರ್ವೇಯರೊಬ್ಬರನ್ನು ನಮ್ಮ ವಕೀಲರ ಮೂಲಕ ಗೊತ್ತುಮಾಡಿದ್ದೆ. ಭಾನುವಾರ ಬೆಳಿಗ್ಗೆ ಬರಲು ಹೇಳಿದ್ದೆ, ಬೀದಿಯವರೆಲ್ಲ ಮನೆಯಲ್ಲಿರುವ ಹೊತ್ತು. ಬೇಕೆಂದೇ. ಅಣ್ಣ ತಮ್ಮ ಇಬ್ಬರೂ ಬಂದು ನಿಂತ ಮೇಲೆ ಟಾರ್ಪಾಲು ತೆಗೆದೆವು. ಸರ್ವೇಯರ್ ಕನ್ನಡಕ ಏರಿಸಿಕೊಂಡು, ಬಾನೆಟ್ ಎತ್ತಿ ಎಂದರು. ಆ ಕಾರಿನ ಬಾನೆಟ್ಟಿನ ಕೊಂಡಿ ಸ್ವಲ್ಪ ಹಟ ಮಾಡುತ್ತಿತ್ತು, ಒಂದು ರೀತಿಯಲ್ಲಿ ಒತ್ತಿ ಎತ್ತಬೇಕು. ಡ್ರೈವರ್ ಮುಂದೆ ಬಂದರು. ನಾನು ಅವರನ್ನು ತಡೆದೆ. ಮದುವೆಯಾದಂದಿನಿಂದ ಆ ದಿನದ ತನಕ ನಾನು ಗಂಡನನ್ನು ಬಹುವಚನದಲ್ಲೇ ಮಾತಾಡಿಸಿದ್ದೆ, ಏಟು ತಿಂದ ದಿನ ಕೂಡ.

“ನೀನು ಎತ್ತು” ಎಂದೆ ಅವನಿಗೆ.

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವನ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಅಣ್ಣನ ಮುಖ ನೋಡಿದ. ಅಣ್ಣ ತೆಂಗಿನ ಮರ ನೋಡುತ್ತಿದ್ದ. ಕೊನೆಗೆ ಅವನೇ ಬಂದು ಬಗ್ಗಿ ಬಾನೆಟ್ ಎತ್ತಿ ಕಡ್ಡಿ ಸಿಕ್ಕಿಸಿದ.

ಸರ್ವೇಯರ್ ಅವಸರ ಮಾಡಲಿಲ್ಲ. ಈಗಿರುವ ಎಂಜಿನ್ ಕೆಲಸ ಹೊಸದು, ಇದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ, ಗಾಡಿ ಕೈಬದಲಾದಾಗ ಹೇಗಿತ್ತು ಎಂದು ಕೇಳಿದರು. ನಾನು ಗೋಣಿಚೀಲ ತರಿಸಿ ಅವನ ಕಾಲಿನ ಹತ್ತಿರವೇ ಸುರಿಸಿದೆ. ಪಿಸ್ಟನ್ನುಗಳು ಕಲ್ಲುಚಪ್ಪಡಿಯ ಮೇಲೆ ಉರುಳಿದ ಸದ್ದಿಗೆ ಎದುರುಮನೆಯವರು ಕಿಟಕಿ ತೆಗೆದರು. ಟೈರುಗಳನ್ನು ಹಿತ್ತಲಿನಿಂದ ಹೊತ್ತು ತಂದವರು ಅಪ್ಪ. ನಾನು ಹೇಳಿರಲಿಲ್ಲ, ತಾವಾಗಿಯೇ ತಂದರು. ಒಂದೊಂದನ್ನೇ ತಂದು ಭಾವನ ಮುಂದೆ ಮಲಗಿಸಿ, ಕೊನೆಯದನ್ನು ಇಟ್ಟ ಮೇಲೆ, “ಅವತ್ತು ನೋಡ್ತೀನಿ ಅಂದೆ. ನೀವು ನಕ್ರಿ” ಎಂದರು. ಅಷ್ಟೇ. ಒಳಗೆ ಹೋಗಿ ಕೈ ತೊಳೆದುಕೊಂಡರು.

ಸರ್ವೇಯರ್ ಕೊನೆಗೆ, ಆ ಸ್ಥಿತಿಯಲ್ಲಿ ಮೂವತ್ತು ಸಾವಿರ ಕೊಟ್ಟವನೂ ಪಶ್ಚಾತ್ತಾಪ ಪಡುತ್ತಿದ್ದ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಅಂದರೆ ಅವನು ನನಗೆ ಎಂಬತ್ತು ಸಾವಿರ ಕೊಡಬೇಕು.

ಕೊಡಲು ಇದ್ದದ್ದು ವ್ಯಾನ್ ಒಂದೇ. ಅದನ್ನು ಮಾರಲು ಇಟ್ಟ. ಕಡೂರಿನಿಂದ ಒಬ್ಬರು ತೆಗೆದುಕೊಳ್ಳಲು ಬಂದು, ಈ ಗಾಡಿ ಹೇಗೆ ಎಂದು ದಾರಿಯಲ್ಲಿ ನನ್ನ ಹತ್ತಿರವೇ ವಿಚಾರಿಸಿದರು. ಅಷ್ಟರಲ್ಲಿ ಅರಸೀಕೆರೆಯಲ್ಲಿ ನನ್ನನ್ನು ಗಾಡಿಯ ಹೆಂಗಸು ಎಂದು ಜನ ಗುರುತಿಸುತ್ತಿದ್ದರು. ಆ ವ್ಯಾನು ಬೇಲೂರಿನ ಹತ್ತಿರ ಹಳ್ಳಕ್ಕೆ ಬಿದ್ದು ಒಂದು ರಾತ್ರಿ ನೀರಿನಲ್ಲಿ ನಿಂತಿದ್ದದ್ದು, ಗೇರ್ ಬಾಕ್ಸ್ ಎರಡು ಸಲ ಬಿಚ್ಚಿದ್ದು, ಬಾಗಿಲಿಗೆ ಬಣ್ಣ ಹೊಡೆಸಿದ್ದು, ನನಗೆ ಗೊತ್ತಿದ್ದನ್ನೆಲ್ಲ ಹೇಳಿದೆ. ಒಂದೂ ಸುಳ್ಳಲ್ಲ. ಅವರು ಕಡ್ಡಿ ಮುರಿದಂತೆ ಬೆಲೆ ಇಳಿಸಿ ಕೊಂಡುಹೋದರು. ಎಂಬತ್ತು ಸಾವಿರಕ್ಕೆ ಕಡಿಮೆ ಬಿದ್ದದ್ದಕ್ಕೆ ಅವನ ಅಣ್ಣ ತೆಂಗಿನ ಫಸಲನ್ನು ಮುಂಗಡಕ್ಕೆ ಮಾರಬೇಕಾಯಿತು. ತಮ್ಮನ ಜೊತೆ ಮಾತು ಬಿಟ್ಟ ಎಂದೂ ಕೇಳಿದೆ.

ದುಡ್ಡು ಬಂದ ದಿನ ನಮ್ಮ ವಕೀಲರ ಟೇಬಲ್ಲಿನ ಮೇಲೆ ಎರಡು ಕಾಗದಕ್ಕೂ ಸಹಿ ಬಿತ್ತು. ವಿಚ್ಛೇದನದ ಅರ್ಜಿಯನ್ನು ಟೈಪ್ ಮಾಡಿದವಳು ನಾನೇ. ಒಂದು ಅಕ್ಷರವೂ ತಪ್ಪಾಗಲಿಲ್ಲ.

ಆ ಹಣದ ಜೊತೆಗೆ ಬ್ಯಾಂಕಿನಲ್ಲಿ ಸಾಲ ಮಾಡಿ ಒಂದು ಹೊಸ ಜೀಪು ತೆಗೆದುಕೊಂಡೆ. ಪರ್ಮಿಟ್ ಮಾಡಿಸಿದೆ. ಅಂಬಾಸಿಡರಿಗೂ ಮಾಡಿಸಿದೆ. ಮುಂದಿನ ನಾಲ್ಕೈದು ವರ್ಷಗಳಲ್ಲಿ ಗಾಡಿಗಳು ಐದಾದವು. ಬೇಲೂರಿನ ಲಾಡ್ಜುಗಳು, ಅರೇಹಳ್ಳಿ ಕಡೆಯ ತೋಟದವರ ಮದುವೆಗಳು, ರೈಲು ತಪ್ಪಿಸಿಕೊಂಡವರು, ಎಲ್ಲರೂ ನಮ್ಮ ನಂಬರಿಗೇ ಫೋನ್ ಮಾಡತೊಡಗಿದರು. ನಾನೂ ಡ್ರೈವಿಂಗ್ ಕಲಿತೆ. ಹಳೇ ಗಾಡಿ ಕೊಳ್ಳುವವರು ಒಂದ್ಸಲ ನೋಡಿ ಹೇಳಿ ಎಂದು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಹೋದ ಕಡೆಯೆಲ್ಲ ಮಾರುವವನ ಮುಖವನ್ನು ಮೊದಲು ನೋಡುತ್ತಿದ್ದೆ, ಆಮೇಲೆ ಗಾಡಿ.

ಅವನು ಚಿಕ್ಕಮಗಳೂರಿನಲ್ಲಿ ಯಾರದೋ ಗಾಡಿಗೆ ಡ್ರೈವರಾಗಿ ಸೇರಿ, ಮಾಲೀಕನ ಜೊತೆ ಜಗಳ ಮಾಡಿ ಬಿಟ್ಟ. ಇನ್ನೊಂದು ಕಡೆ ಸೇರಿದ, ಬಿಟ್ಟ. ಮಾಲೀಕನಾಗಿದ್ದವನಿಗೆ ಇನ್ನೊಬ್ಬರ ಗಾಡಿ ಒರೆಸುವುದು ಆಗಲಿಲ್ಲ. ಈ ಸುದ್ದಿಗಳನ್ನು ನಾನು ಕೇಳಿ ಕೇಳಿ ತರಿಸಿಕೊಳ್ಳುತ್ತಿದ್ದೆ. ತಂಗಿ, ಸಾಕು ಬಿಡಕ್ಕ, ಇನ್ನೂ ಎಷ್ಟು ದಿನ ಎಂದಳು. ಅವಳ ಮದುವೆಯಲ್ಲಿ ನಾನು ಬರಿ ಕೊರಳಲ್ಲಿ ಓಡಾಡಿದ್ದು ಅವಳಿಗೆ ಮರೆತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಒಂದು ಬೆಳಿಗ್ಗೆ ಆಫೀಸಿಗೆ ಒಬ್ಬಳು ಹೆಂಗಸು ಬಂದಳು. ಬಗಲಲ್ಲಿ ಒಂದು ಮಗು, ಕಾಲಿಗೆ ಹವಾಯಿ ಚಪ್ಪಲಿ. ಗಾಡಿ ಬೇಕಿತ್ತೇ ಎಂದು ಕೇಳಿದೆ. ಇಲ್ಲ ಎಂದು ಅಲ್ಲೇ ನಿಂತಳು. ಹಳೇಬೀಡಿನಿಂದ ಬಂದೆ ಎಂದಳು, ಅರೇಹಳ್ಳಿಯವಳು ಎಂದಳು. ಅಷ್ಟರಲ್ಲಿ ನನಗೆ ಗೊತ್ತಾಯಿತು. ಕೂರಲು ಹೇಳಿದೆ. ಮನೆಯವರಿಗೆ ಕೆಲಸ ಇಲ್ಲ, ಭಾವನವರು ಬೇರೆ ಹಾಕಿದ್ದಾರೆ, ನಿಮ್ಮಲ್ಲಿ ಡ್ರೈವರ್ ಬೇಕಿದ್ದರೆ ಎಂದು ನಿಧಾನವಾಗಿ ಹೇಳಿದಳು. ಅವನು ಕಳಿಸಿದ್ದೇ ಎಂದು ಕೇಳಿದೆ. ಗೊತ್ತಾದರೆ ಸುಮ್ಮನಿರುವುದಿಲ್ಲ ಎಂದಳು. ಹೇಳುವಾಗ ಕೈ ಅವಳಿಗೆ ತಿಳಿಯದಂತೆ ಕೆನ್ನೆಗೆ ಹೋಯಿತು.

ಅವಳ ಮೇಲೆ ನನಗೆ ಯಾವ ಹಗೆಯೂ ಇರಲಿಲ್ಲ. ಹಾಗೆಂದು ಆ ಕ್ಷಣದಲ್ಲಿ ನಾನು ಯೋಚಿಸಿದ್ದು ಅವಳನ್ನಲ್ಲ, ಅವನನ್ನೇ. ಅವನಿಗೆ ನನ್ನಲ್ಲಿ ಕೆಲಸವಿಲ್ಲ ಎಂದೆ. ನಿನಗಿದೆ ಎಂದೆ. ಹಳೇಬೀಡು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಎಸ್‌ಟಿಡಿ ಬೂತು ಖಾಲಿಯಿತ್ತು. ಅದನ್ನು ಬಾಡಿಗೆಗೆ ಹಿಡಿದು, ನಮ್ಮ ಟ್ರಾವೆಲ್ಸಿನ ಬೋರ್ಡು ಹಾಕಿ, ಬುಕ್ಕಿಂಗ್ ನೋಡಿಕೊಳ್ಳಲು ಒಬ್ಬರು ಬೇಕು ಎಂದು ಎಷ್ಟೋ ದಿನದಿಂದ ಅಂದುಕೊಂಡಿದ್ದೆ. ಹತ್ತನೇ ತರಗತಿ ಓದಿದ್ದಳು. ಸಂಬಳ ಎಷ್ಟು ಎಂದು ಹೇಳಿ, ಅದು ನಿನ್ನ ಕೈಗೇ ಬರುತ್ತದೆ, ಇನ್ನು ಯಾರ ಕೈಗೂ ಕೊಡುವುದಿಲ್ಲ ಎಂದೆ. ಅವಳು ಮಗುವನ್ನು ಇನ್ನೊಂದು ಬಗಲಿಗೆ ಬದಲಾಯಿಸಿಕೊಂಡು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು.

“ಅಕ್ಕ, ನೀವು ಯಾಕೆ ಕೊಡ್ತಿದ್ದೀರಿ ಅಂತ ನಂಗೊತ್ತು” ಎಂದಳು. “ಪರ್ವಾಗಿಲ್ಲ. ಸಂಬ್ಳ ಮಾತ್ರ ಒಂದನೇ ತಾರೀಕೇ ಕೊಡಿ.”

ನಾನು ಎಣಿಸಿದ್ದಕ್ಕಿಂತ ಚುರುಕಾದ ಹೆಂಗಸು. ಬೂತಿನಲ್ಲಿ ಕೂತ ಮೊದಲ ವರ್ಷವೇ ಹಳೇಬೀಡಿನ ಕಡೆಯ ಬಾಡಿಗೆ ಹೆಚ್ಚಾಯಿತು. ನನಗೆ ಬರದ ಇಂಗ್ಲಿಷನ್ನೂ ಕಲಿತುಕೊಂಡಳು. ಊರಿನಲ್ಲಿ ಕೆಲವರು ಇದನ್ನು ನನ್ನ ದೊಡ್ಡತನ ಎಂದರು. ಸವತಿಗೆ ಅನ್ನ ಕೊಟ್ಟಳು ಎಂದು ಅಪ್ಪನಿಗೂ ಹೇಳಿದರಂತೆ. ಅಪ್ಪ ನನ್ನನ್ನು ಏನೂ ಕೇಳಲಿಲ್ಲ. ಅವರಿಗೆ ನನ್ನ ವಿಷಯ ಗೊತ್ತಿತ್ತು.

ಅವನು ಕೆರೆಯ ಕಡೆಯಿಂದ ಬಸ್‌ಸ್ಟ್ಯಾಂಡಿಗೆ ಬರಬೇಕಾದರೆ ಆ ಬೂತಿನ ಮುಂದೆಯೇ ಬರಬೇಕು. ಕೆಲವು ತಿಂಗಳ ಕಾಲ ಹಿಂಬದಿಯ ಬೀದಿಯಲ್ಲಿ ಸುತ್ತಿ ಹೋಗುತ್ತಿದ್ದನಂತೆ. ಬೂತಿಗೆ ಬಂದು ಗಲಾಟೆಯನ್ನೂ ಒಮ್ಮೆ ಮಾಡಿದ; ಅಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದ ನನ್ನ ಇಬ್ಬರು ಡ್ರೈವರುಗಳು ಇಳಿದು ಬಂದದ್ದನ್ನು ನೋಡಿ ಹೊರಟುಹೋದ. ಅದಾದ ಮೇಲೆ ಅವಳ ಮೇಲೆ ಕೈ ಎತ್ತಿದ್ದನ್ನು ನಾನು ಕೇಳಿಲ್ಲ. ಸಂಬಳ ನಿಂತುಹೋದರೆ ಒಲೆ ಹತ್ತುವುದಿಲ್ಲ ಎಂಬುದು ಅವನಿಗೆ ತಿಳಿದಿತ್ತು.

ಸೇಡು ತೀರಿಸಿಕೊಂಡ ಮೇಲೆ ಮನಸ್ಸು ಬರಿದಾಗುತ್ತದೆ ಎಂದು ಹೇಳುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಆ ವರ್ಷಗಳಲ್ಲಿ ನಾನು ಚೆನ್ನಾಗಿ ಉಂಡೆ, ಚೆನ್ನಾಗಿ ಮಲಗಿದೆ. ಈಗ ವಯಸ್ಸಾದ ಮೇಲೂ ಹಳೇಬೀಡಿಗೆ ಹೋದಾಗ ಗಾಡಿಯನ್ನು ನಾನೇ ಓಡಿಸಿಕೊಂಡು ಹೋಗುತ್ತೇನೆ. ಹೋದ ತಿಂಗಳು ಹೋಗಿದ್ದೆ. ಅವಳ ಮಗಳಿಗೆ ಕಾಲೇಜಿಗೆ ಸೀಟು ಸಿಕ್ಕಿದೆ ಎಂದು ಪೇಡ ಕೊಟ್ಟಳು. ಅವನು ನಮ್ಮ ಬೂತಿನ ಎದುರು ಕಟ್ಟೆಯ ಮೇಲೆ ಕೂತಿದ್ದ, ತಲೆ ಪೂರ್ತಿ ನರೆತಿತ್ತು. ಅವಳು ಅವನಿಗೂ ಒಂದು ಪೇಡ ಕೊಟ್ಟು ಬರುತ್ತೇನೆ ಎಂದು ಎದ್ದಳು. ಕೊಡು ಎಂದೆ.